ಹರಕೆ ಒಪ್ಪಿಸಿದ ಮೇಲೆ

ನನ್ನ ಗಂಡನಿಗೆ ಎಚ್‌ಐವಿ ಇದೆ ಎಂದು ತಿಳಿದಾಗ ಅವರು ಊರಿನ ದೇವಸ್ಥಾನಕ್ಕೆ ತುಲಾಭಾರದ ಹರಕೆ ಹೊತ್ತರು. ನನ್ನ ರಕ್ತದಲ್ಲಿ ವೈರಸ್ ಇರಲಿಲ್ಲ. ಅವರಿಗೆ ಎಲ್ಲಿಂದ ಬಂತೆಂದು ಜಗಳವಾಡಿ, ಅತ್ತು, ಕೊನೆಗೆ ಸುಸ್ತಾಗಿ ಆ ಮಾತನ್ನೇ ಬಿಟ್ಟೆವು. ಮಾತ್ರೆ ಹಿಡಿಯಿತು. ಒಂದು ದಿನ ರಿಪೋರ್ಟಿನಲ್ಲಿ ವೈರಸ್ ಕಾಣಲಿಲ್ಲ. ಇವರು ಕೋಪರಿಯಲ್ಲಿ ತಾವು ನಡೆಸುವ ಹೋಟೆಲನ್ನು ತಮ್ಮನಿಗೆ ಒಪ್ಪಿಸಿ ಊರಿಗೆ ಹೋಗಿ, ತಕ್ಕಡಿಯಲ್ಲಿ ಕೂತು, ತಮ್ಮ ತೂಕದ ಬೆಲ್ಲ ಕೊಟ್ಟು ಬಂದರು.

ಐರೋಲಿಯ ಮನೆಗೆ ಮರಳಿದ ಮರುದಿನ ಬೆಳಿಗ್ಗೆ, ತಿಂಡಿಯ ತಟ್ಟೆಯ ಪಕ್ಕ ನಾನಿಟ್ಟ ಮಾತ್ರೆಯನ್ನು ಅವರು ಮುಟ್ಟಲಿಲ್ಲ.

“ಹರಕೆ ಒಪ್ಪಿಸಿ ಆಯ್ತಲ್ಲ. ಇನ್ನೂ ಗೋಳಿ ತಿಂದ್ರೆ ದೇವರನ್ನು ನಂಬ್ಲಿಲ್ಲ ಅಂತ ಆಗ್ತದೆ.”

ನನಗೆ ಸಿಟ್ಟು ನೆತ್ತಿಗೇರಿತು. ವರ್ತಕ ನಗರದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು ನಾನು. ಎಚ್‌ಐವಿಯ ಪಾಠವನ್ನು ವರ್ಷವರ್ಷವೂ ಮಾಡುತ್ತೇನೆ. ಬಡಬಡನೆ ಅವರಿಗೂ ಮಾಡಿದೆ. ನಮ್ಮ ಜೀವಕೋಶದಲ್ಲಿ ಡಿಎನ್‌ಎ ನೋಡಿ ಆರ್‌ಎನ್‌ಎ ತಯಾರಾಗುತ್ತದೆ. ಈ ವೈರಸ್ಸಿನದು ಉಲ್ಟಾ ದಾರಿ. ಅದು ತಂದ ಆರ್‌ಎನ್‌ಎಯನ್ನು ತನ್ನದೇ ಕಿಣ್ವದಿಂದ ಡಿಎನ್‌ಎಗೆ ನಕಲು ಮಾಡುತ್ತದೆ, ಇನ್ನೊಂದು ಕಿಣ್ವದಿಂದ ಆ ನಕಲನ್ನು ನಮ್ಮ ಡಿಎನ್‌ಎಯೊಳಗೇ ಸೇರಿಸಿಬಿಡುತ್ತದೆ. ಹೋಟೆಲಿನ ತಿಂಡಿಯ ಬೋರ್ಡಿನಲ್ಲಿ ಯಾರೋ ಬಂದು ತಮ್ಮದೊಂದು ತಿಂಡಿ ಬರೆದು ಹೋದ ಹಾಗೆ. ಅಡುಗೆಯವರು ಅದನ್ನೂ ನಮ್ಮದೆಂದೇ ಮಾಡುತ್ತಾರೆ. ಮಾತ್ರೆ ಹೊಸದಾಗಿ ಬರೆಯುವುದನ್ನು ತಡೆಯುತ್ತದೆ, ಬರೆದದ್ದನ್ನು ಅಳಿಸುವುದಿಲ್ಲ. ಕೆಲವು ಕೋಶಗಳಲ್ಲಿ ಅದು ಸದ್ದಿಲ್ಲದೆ ಕೂತಿರುತ್ತದೆ, ರಿಪೋರ್ಟಿಗೆ ಕಾಣುವುದಿಲ್ಲ. ಮಾತ್ರೆ ನಿಂತರೆ ಏಳುತ್ತದೆ.

ಅವರು ಪೂರ್ತಿ ಕೇಳಿದರು.

“ಅಂದ್ರೆ ದೇವರು ಮಾಡಿದ್ದು ಸಾಕಾಗ್ಲಿಲ್ಲ ಅಂತೀಯಾ?”

ಈ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಗಳು ಯಾರೂ ಕೇಳಿರಲಿಲ್ಲ. ಗಂಡನ ಮುಖ ನೋಡಿದೆ. ಅದು ಹಟವಾಗಿರಲಿಲ್ಲ, ಹೆದರಿಕೆಯಾಗಿತ್ತು. ಅನುಮಾನಪಟ್ಟರೆ ಸಿಕ್ಕಿದ್ದೂ ಕೈತಪ್ಪೀತು ಎಂಬ ಹೆದರಿಕೆ. ನನ್ನ ಸಿಟ್ಟು ಇಳಿದುಹೋಯಿತು. ಇವರಿಲ್ಲದೆ ನಾನು ಹೇಗಿರಲಿ ಎನ್ನಿಸಿತು.

“ನಿಮ್ಮ ಹರಕೆ ಮುಗೀತು. ನನ್ನದು ಮುಗೀಲಿಲ್ಲ,” ಎಂದೆ. “ನೀವಿರುವಷ್ಟು ದಿನ ನನ್ನ ಕೈಯಿಂದ್ಲೇ ಮಾತ್ರೆ ಕೊಡ್ತೇನೆ ಅಂತ ನಾನೂ ಹೇಳಿಕೊಂಡಿದ್ದೇನೆ.”

ಹೆಂಡತಿಯ ಹರಕೆ ತಪ್ಪಿಸುವಷ್ಟು ಧೈರ್ಯ ಅವರಿಗಿರಲಿಲ್ಲ. ಮಾತ್ರೆಗೆ ಕೈ ಚಾಚಿದರು.

ಅದುವರೆಗೆ ನಾನು ಯಾವ ದೇವರಿಗೂ ಯಾವ ಹರಕೆಯನ್ನೂ ಹೇಳಿಕೊಂಡವಳಲ್ಲ. ಅವರು ನೀರು ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಹೇಳಿಕೊಂಡೆ.