ತುಂಬಿದ ಹೊಳೆಯ ಲೆಕ್ಕ

“ಹಸಿಮೆಣಸಿನ ಬುಟ್ಟಿ ಹೊತ್ತು ಮಗನ್ನ ಇಂಜಿನಿಯರ್ ಮಾಡ್ತೀಯೇನಮ್ಮ? ಈ ಜನ್ಮದಲ್ಲಿ ಆಗೋ ಮಾತಲ್ಲ!”

ಹೀಗೆ ಅಂದವರು ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಶಂಕರಪ್ಪನವರು. ಅವ್ವ ಬುಟ್ಟಿ ಎತ್ತಿಕೊಂಡು ಸಂತೆಗೆ ನಡೆದಳು.

ಮೊನ್ನೆ ನಾನು ಬಿ.ಇ. ಪಾಸಾದೆ. (ರೈಟರ್ ಈ ಅಂಕಣವನ್ನು ತಪ್ಪದೆ ಓದುತ್ತಾರಂತೆ. ನಮಸ್ಕಾರ ಸಾರ್!) ಆದರೆ ಅದಕ್ಕೆ ಮೊದಲು ನಮ್ಮೂರ ಹೊಳೆಯೇ ನನ್ನನ್ನು ಮುಳುಗಿಸುವುದರಲ್ಲಿತ್ತು.

ಕೊನೇ ವರ್ಷ ನೆಲದೊಳಗಿನ ನೀರಿನ ಲೆಕ್ಕ ಮಾಡಬೇಕಿತ್ತು. ಯಾವುದಾದರೂ ಜಾಗ ಆರಿಸಿ, ಚೌಕಳಿ ಕಾಗದದ ಮೇಲೆ ಬಿಡಿಸಿ, ಕಡುಬೇಸಗೆಯಲ್ಲಿ ಅಲ್ಲಿ ನೀರು ಎಷ್ಟು ಆಳದಲ್ಲಿರುತ್ತದೆ ಎಂದು ಹೇಳಬೇಕು. ಮದ್ರಾಸಿನ ಹಾಸ್ಟೆಲಿನಲ್ಲಿ ಕೂತವನಿಗೆ ಬೇರೆ ಯಾವ ಜಾಗ ನೆನಪಾದೀತು? ಕುಶಾಲನಗರದ ಹತ್ತಿರದ ನಮ್ಮ ಹೊಲ ಬಿಡಿಸಿದೆ. ಒಂದು ಅಂಚಿಗೆ ಕಾವೇರಿ, ಇನ್ನೊಂದಕ್ಕೆ ಬಂಡೆ, ನಡುವೆ ಬಾವಿ.

ಲೆಕ್ಕವೆಲ್ಲ ನಿಂತಿರುವುದು ಅಂಚಿನ ಮೇಲೆ. ಬಂಡೆಯ ಕಡೆ ನೀರು ದಾಟುವುದಿಲ್ಲ. ಹೊಳೆಯ ಕಡೆ ನೀರಿನ ಮಟ್ಟ ಇಷ್ಟು ಎಂದು ನಾವೇ ಹೇಳಬೇಕು. ಇದಕ್ಕೆ ಬೌಂಡರಿ ಕಂಡಿಷನ್ ಅನ್ನುತ್ತಾರೆ. ಅಂಚು ತಪ್ಪಿದರೆ, ಎಷ್ಟೇ ಶ್ರದ್ಧೆಯಿಂದ ಕೂಡಿ ಕಳೆದರೂ ಒಳಗಿನದೆಲ್ಲ ತಪ್ಪು.

ನನ್ನ ಲೆಕ್ಕದಲ್ಲಿ ಬಾವಿ ಬಾಯಿಮಟ್ಟ ತುಂಬಿತ್ತು!

ಪ್ರೊಫೆಸರ್ ಕನ್ನಡಕದ ಮೇಲಿಂದ ನೋಡಿದರು. “ಏನಯ್ಯಾ, ಏಪ್ರಿಲ್‌ನಲ್ಲೂ ನಿಮ್ಮ ಹೊಳೆ ದಡ ಮುಟ್ಟಿ ಹರಿಯುತ್ತಾ? ಸರಿಮಾಡು. ಇಲ್ಲದಿದ್ರೆ ಪಾಸಿಲ್ಲ.”

ನಾನು ಊರು ಬಿಟ್ಟ ದಿನ ಹೊಳೆ ತುಂಬಿತ್ತು. ಆಮೇಲೆ ರಜೆಯಲ್ಲೆಲ್ಲ ಟ್ಯೂಷನ್ ಹೇಳಿಕೊಂಡು ಮದ್ರಾಸಿನಲ್ಲೇ ಉಳಿದೆ. ಮನೆ ನೆನೆದಾಗಲೆಲ್ಲ ಕಣ್ಣಿಗೆ ಬರುತ್ತಿದ್ದುದು ಆ ಕೆಂಪು ನೀರೇ. ಅಂಚಿಗೆ ಬರೆದಿದ್ದೂ ಅದನ್ನೇ. ದೂರ ಇರುವವನ ಊರಿಗೆ ಬೇಸಗೆ ಎಲ್ಲಿಂದ ಬಂದೀತು?

ಕಣ್ಣು ಮುಚ್ಚಿ ಕೂತೆ. ಅವ್ವ ಕಂಡಳು. ಬೇಸಗೆಯಲ್ಲಿ ಸೀರೆ ಎತ್ತಿಕಟ್ಟಿ, ತಲೆಯ ಮೇಲೆ ಬುಟ್ಟಿ ಇಟ್ಟು, ಹೊಳೆ ದಾಟಿ ಮೈಸೂರು ಸೀಮೆಯ ಸಂತೆಗೆ ಹೋಗುತ್ತಿದ್ದಳು. ನೀರು ಅವಳ ಮೊಣಕಾಲಿನವರೆಗೆ. ಅದನ್ನೇ ಅಂಚಿಗೆ ಬರೆದೆ. ಲೆಕ್ಕ ಮತ್ತೆ ಮೊದಲಿನಿಂದ. ಬಾವಿಯ ನೀರು ತಳಕ್ಕಿಳಿಯಿತು. ನಾನು ಮೇಲೆ ಬಂದೆ.

ಮನೆಗೆ ಬಂದವನೇ ಅವ್ವನಿಗೆ ಈ ಕತೆಯೆಲ್ಲ ಹೇಳಿ ಸರ್ಟಿಫಿಕೇಟ್ ಚಾಚಿದೆ. ಅವ್ವ ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ಓದು ಬರದು. ಅಕ್ಷರಗಳ ಮೇಲೆ ಸುಮ್ಮನೆ ಬೆರಳಾಡಿಸಿದಳು.

“ಒಂದು ಬೇಸಗೆಗಾದ್ರೂ ಮನೆಗೆ ಬಂದಿದ್ರೆ ಹೊಳೆ ನೋಡ್ಕೊಂಡು ಹೋಗ್ಬೋದಿತ್ತಲ್ಲ ಮಗಾ?”