ನೂರೈನ್ ಕಂಡ ಲಿಂಕ್ಸ್

ಜರ್ಮನಿಯ ಅಬ್‌ಸ್ಟಾಟ್‌ನಲ್ಲಿರುವ ನಮ್ಮ ಆಫೀಸಿನಲ್ಲಿ ನೂರೈನ್ ಕಾರುಗಳ ಬ್ರೇಕ್ ಪರೀಕ್ಷೆ ಮಾಡುತ್ತಾಳೆ. ಚಿತ್ರದುರ್ಗದವಳು. ಶನಿವಾರ ಬಂತೆಂದರೆ ಐದು ಕೆ.ಜಿ. ಕ್ಯಾಮೆರಾ ಹೊತ್ತು ಕಾಡು ಸೇರುವುದೇ ಅವಳ ಚಟ. ಎರಡು ವರ್ಷದ ಹಿಂದೆ, ದಕ್ಷಿಣದ ಒಂದು ನದಿ ಕಮರಿಯಲ್ಲಿ ಲಿಂಕ್ಸ್ ನೋಡಿದೆ ಅಂದಳು. ಕಿವಿಯ ತುದಿಗೆ ಕರಿ ಕುಚ್ಚು, ಮೋಟು ಬಾಲ, ನಾಯಿಯಷ್ಟು ಎತ್ತರದ ಕಾಡುಬೆಕ್ಕು. ಅಲ್ಲಿ ಅಂಥದ್ದಿಲ್ಲ, ಇದ್ದರೆ ಸಾಕ್ಷಿ ಕೊಡಿ ಎಂದ ಅರಣ್ಯಾಧಿಕಾರಿ. ಕ್ಯಾಂಟೀನಿನಲ್ಲಿ ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು, ಯತಿರಾಜ್. ಅವಳಿಗೆ ಅದೆಷ್ಟು ಚುಚ್ಚಿತೆಂದರೆ, ಆಮೇಲೆ ಒಂದು ಶನಿವಾರವನ್ನೂ ಬಿಡಲಿಲ್ಲ.

ಈ ಏಪ್ರಿಲ್‌ನಲ್ಲಿ ನನ್ನನ್ನೂ ಎಳೆದುಕೊಂಡು ಹೋದಳು. ಜೂನಿಪರ್ ಪೊದೆಗಳ ಇಳಿಜಾರು ದಾಟಿ ಕಮರಿಗೆ ಇಳಿಯುವಷ್ಟರಲ್ಲಿ ನನ್ನ ಮಂಡಿ ಕೈಕೊಟ್ಟಿತ್ತು. ಬಂಡೆಗೆ ಒರಗಿ ಪುಳಿಯೋಗರೆ ಡಬ್ಬಿ ತೆಗೆದೆ. ನೂರೈನ್ ಗಬಕ್ಕನೆ ನನ್ನ ಭುಜ ಹಿಡಿದಳು.

ಹತ್ತೇ ಅಡಿ ದೂರದಲ್ಲಿ ಅದು ನಿಂತಿತ್ತು! ಅವಳ ಉದ್ದನೆಯ ಲೆನ್ಸಿಗೆ ಅಷ್ಟು ಹತ್ತಿರದ್ದು ಫೋಕಸ್ಸೇ ಆಗದು.

"ಫೋನು! ಯತಿ, ಫೋನ್ ತೆಗಿಯೋ!" ಎಂದು ಪಿಸುಗುಟ್ಟಿದಳು.

ತೆಗೆದೆ. ಪರದೆಯೆಲ್ಲ ಕಪ್ಪು. ಹೊಸ ಕಾರುಗಳ ಫೋಟೋ ಹೊರಗೆ ಹೋಗಬಾರದೆಂದು ನಮ್ಮ ಗೇಟಿನಲ್ಲಿ ಫೋನಿನ ಕ್ಯಾಮೆರಾಗೆ ಸ್ಟಿಕರ್ ಅಂಟಿಸುತ್ತಾರೆ. ಶುಕ್ರವಾರದ್ದನ್ನು ನಾನು ಕಿತ್ತಿರಲಿಲ್ಲ. ಅವಳೂ ಕಿತ್ತಿರಲಿಲ್ಲ! ಇಬ್ಬರೂ ಉಗುರಿನಿಂದ ಕೆರೆದದ್ದೇ ಕೆರೆದದ್ದು. ಲಿಂಕ್ಸ್ ನಮ್ಮ ಒದ್ದಾಟವನ್ನು ಆರಾಮಾಗಿ ನೋಡಿ, ಒಮ್ಮೆ ಆಕಳಿಸಿ, ನೀರಿನಂಚಿನಲ್ಲೇ ನಡೆದು ಪೊದೆಯೊಳಗೆ ಮಾಯವಾಯಿತು.

ನನಗೆ ಅಳುವೇ ಬಂತು. "ಸಾರಿ ಕಣೆ. ಎರಡು ವರ್ಷ ನಿನ್ನ ನಂಬ್ಲಿಲ್ಲ" ಎನ್ನುತ್ತ ಅವಳತ್ತ ಹೆಜ್ಜೆ ಎತ್ತಿದೆ.

"ಅಲ್ಲೇ ನಿಲ್ಲು! ಕಾಲಿಟ್ರೆ ಕೊಂದ್ಬಿಡ್ತೀನಿ!"

ಒದ್ದೆ ಮರಳಿನ ಮೇಲೆ ಹೆಜ್ಜೆಗಳ ಸಾಲು! ದುಂಡಗೆ, ಅಂಗೈಯಗಲ, ನಾಯಿ ಹೆಜ್ಜೆಯಲ್ಲಿರುವಂಥ ಉಗುರಿನ ಗುರುತೇ ಇಲ್ಲ. ಅವಳು ಮಂಡಿಯೂರಿ, ಅಳತೆಗೆಂದು ಪಕ್ಕದಲ್ಲಿ ಬಸ್ ಪಾಸ್ ಇಟ್ಟು, ಸ್ಟಿಕರ್ ಕಿತ್ತ ಫೋನಿನಲ್ಲಿ ಒಂದೊಂದನ್ನೂ ಕ್ಲಿಕ್ಕಿಸಿದಳು. ಅಲ್ಲಿಂದಲೇ ಅಧಿಕಾರಿಗೆ ಕಳಿಸಿದಳು.

ಸೋಮವಾರ ಉತ್ತರ ಬಂತು. ಲಿಂಕ್ಸೇ, ಅನುಮಾನವಿಲ್ಲ, ಅಭಿನಂದನೆಗಳು. ಆದರೆ ಕಳ್ಳಬೇಟೆಯವರ ಭಯವಿದೆ, ಸದ್ಯಕ್ಕೆ ಯಾರಿಗೂ ಹೇಳಬೇಡಿ.

ಮಧ್ಯಾಹ್ನದ ಊಟಕ್ಕೆ ಕೂತಾಗ ನಮ್ಮ ಟೀಮಿನ ಸುನಿಲಕುಮಾರ ಕಣ್ಣು ಮಿಟುಕಿಸಿದ. "ಏನ್ ನೂರೈನ್, ಈ ವೀಕೆಂಡಾದ್ರೂ ಬೆಕ್ಕು ಕಾಣಿಸ್ತಾ?"

ಎಲ್ಲರೂ ಹೋ ಎಂದು ನಕ್ಕರು. ನಾನು ಬಾಯಿ ತೆರೆದೆ.

"ಎಲ್ಲಿ ಕಣೋ, ಏನೂ ಇಲ್ಲ" ಎಂದು ನೂರೈನ್ ಎಲ್ಲರಿಗಿಂತ ಜೋರಾಗಿ ನಕ್ಕಳು. ಮೇಜಿನ ಕೆಳಗೆ ಅವಳ ಬೂಟು ನನ್ನ ಕಾಲನ್ನು ಒತ್ತಿ ತುಳಿಯುತ್ತಿತ್ತು.