ಕಾಳಪ್ಪನ ಕಡಸಲು, ಹಂಪವ್ವನ ಹಗ್ಗ

ಲಕ್ಷ್ಮೇಶ್ವರದ ಬಸ್ಸು ಗದಗಿನಿಂದ ಬೆಳಿಗ್ಗೆ ಏಳಕ್ಕೆ ಹೊರಡಬೇಕಿತ್ತು. ಹೊರಟದ್ದು ಎಂಟೂಕಾಲಿಗೆ. ಬಸ್ಸಿನ ಬೆನ್ನಿಗೆ ಕಟ್ಟಿದ ಇದ್ದಿಲ ಒಲೆಗೆ ಗಾಳಿ ಹಾಕುತ್ತ ಕ್ಲೀನರ್ ಒಂದು ಗಂಟೆ ಬೆವರಿದ. ಯುದ್ಧ ಮುಗಿದು ವರ್ಷಗಳಾದರೂ ಆ ಗಾಡಿಗೆ ಪೆಟ್ರೋಲಿನ ಯೋಗ ಬಂದಿರಲಿಲ್ಲ, ಇದ್ದಿಲ ಅನಿಲದ ಮೇಲೆಯೇ ಓಡುತ್ತಿತ್ತು. ದೂರ ಇಪ್ಪತ್ತೈದು ಮೈಲು, ಟಿಕೀಟು ಹದಿನಾಲ್ಕು ಆಣೆ.

ನಾನು ಹೊರಟದ್ದು ಕಟ್ಟಿಗೆ ಕಡೆಯುವ ಯಂತ್ರ ಕೊಳ್ಳಲು. ಪಟ್ಟಣದವರು ಅದಕ್ಕೆ ಲೇಥು ಎನ್ನುತ್ತಾರೆ, ಹಳೆಯ ಬಡಿಗರು ಕಡಸಲು ಎನ್ನುತ್ತಾರೆ. ಎರಡು ಕಬ್ಬಿಣದ ಮೊನೆಗಳ ನಡುವೆ ತುಂಡೊಂದನ್ನು ಸಿಕ್ಕಿಸಿ, ತಿರುಗಿಸಿ, ಉಳಿ ಹಿಡಿದು ಗುಂಡಗೆ ಮಾಡುವ ಸಾಧನ ಅದು. ಬುಗುರಿ, ಲಟ್ಟಣಿಗೆ, ತೊಟ್ಟಿಲ ಕಾಲು ಎಲ್ಲ ಹುಟ್ಟುವುದು ಅದರಲ್ಲಿಯೇ. ವಾರಪತ್ರಿಕೆಯೊಂದಕ್ಕೆ ಸುದ್ದಿ ಬರೆಯುವುದು ನನ್ನ ಉದ್ಯೋಗ. ಕಟ್ಟಿಗೆ ಕಡೆಯುವುದು ಎರಡು ವರ್ಷದ ಹುಚ್ಚು. ಬೆಟಗೇರಿಯ ನಮ್ಮ ಓಣಿಯಲ್ಲಿ ನೇಕಾರರಿಗೆ ನೂಲು ಸುತ್ತುವ ಕಂಡಿಕೆ ಕಡೆದುಕೊಡುವವರೊಬ್ಬರು ರವಿವಾರಕ್ಕೊಮ್ಮೆ ತಮ್ಮ ಯಂತ್ರ ಬಿಟ್ಟುಕೊಡುತ್ತಿದ್ದರು. ಅವರು ಅಂಗಡಿ ಮುಚ್ಚಿ ಊರು ಬಿಟ್ಟ ಮೇಲೆ ನನ್ನ ಉಳಿಗಳು ಗೂಟಕ್ಕೆ ತೂಗಿದವು. ಯಂತ್ರ ಹುಡುಕಿಕೊಂಡು ಎರಡು ಸಲ ಹುಬ್ಬಳ್ಳಿಗೆ ಹೋಗಿ ಬರಿಗೈಲಿ ಬಂದಿದ್ದೆ.

ಈ ಸಲ ಹೊರಡುವ ಮುನ್ನ ಅವ್ವ ಹೊಸ್ತಿಲಲ್ಲಿ ನಿಂತು ಹೇಳಿದಳು: "ಇದು ಕಡೀ ಸಲ. ಬರಿಗೈಲೆ ಬಂದಿ ಅಂದ್ರ ಆ ಉಳಿ ಎಲ್ಲಾ ಮಾರಿ ಎಮ್ಮಿಗೆ ಹಿಂಡಿ ತರ್ತೀನಿ ನೋಡು." ಮನೆಯಲ್ಲಿರುವವರು ಮೂವರೇ: ಅವ್ವ, ಎಮ್ಮೆ, ನಾನು. ಅವ್ವ ಆಡಿದ ಮಾತು ತಪ್ಪಿದ್ದನ್ನು ನಾನು ಕಂಡಿಲ್ಲ. ಆಗಲೆಂದೆ. ಸಂಪಾದಕರು ಐದು ದಿನದ ರಜೆ ಕೊಟ್ಟಿದ್ದರು.

ಮುಳಗುಂದ ದಾಟಿದ ಮೇಲೆ ಬಸ್ಸು ನಿಲ್ಲದೆ ಮುಂದೆ ಹೋದ ಒಂದು ಜಾಗವನ್ನು ಹೇಳಬೇಕು. ಹೋದ ವರ್ಷದವರೆಗೆ ಅಲ್ಲಿ ಸಂಸ್ಥಾನದ ಸುಂಕದ ನಾಕೆ ಇತ್ತು. ಗಂಟು ಬಿಚ್ಚಿಸಿ ನೋಡುತ್ತಿದ್ದರು. ಈಗ ಸಂಸ್ಥಾನವಿಲ್ಲ. ದಾರಿಗೆ ಅಡ್ಡ ಹಾಕುತ್ತಿದ್ದ ಬೊಂಬಿಗೆ ಯಾರೋ ಎರಡು ಆಡು ಕಟ್ಟಿದ್ದರು. ಲಕ್ಷ್ಮೇಶ್ವರ ಮೀರಜದವರದು, ಶಿರಹಟ್ಟಿ ಸಾಂಗಲಿಯವರದು, ಮುಂಡರಗಿ ಇಂಗ್ರೇಜರದು ಆಗಿದ್ದ ಕಾಲದಲ್ಲಿ ಈ ಪ್ರಯಾಣಕ್ಕೆ ಮೂರು ಸರಕಾರ ದಾಟಬೇಕಿತ್ತು. ಪಕ್ಕದಲ್ಲಿ ಕೂತಿದ್ದ ಬೆಲ್ಲದ ವ್ಯಾಪಾರಿ ಆಡುಗಳನ್ನು ನೋಡಿ, "ನಾಕೇದಾರಗಿಂತ ಇವು ಪಾಡ ಬಿಡ್ರಿ, ತಿಂದದ್ದು ಅಲ್ಲೇ ಹಾಕ್ತಾವು" ಎಂದರು.

ಲಕ್ಷ್ಮೇಶ್ವರದಲ್ಲಿ ಹತ್ತಿ ಜಿನ್ನಿನ ಮಾಲೀಕರೊಬ್ಬರು ಹಳೆಯ ಲೇಥು ಮಾರುತ್ತಾರೆಂಬ ಖಬರಿತ್ತು. ಖಬರು ಖರೆ. ಯಂತ್ರ ಅಂಗಳದಲ್ಲೇ ಇತ್ತು, ಪೂರಾ ಕಬ್ಬಿಣದ್ದು, ನಮ್ಮ ಎಮ್ಮೆಗಿಂತ ಉದ್ದ. ಮೈಗೆ ಗ್ರೀಸು ಮೆತ್ತಿತ್ತು. ಒರೆಸಿದಲ್ಲಿ ಕಬ್ಬಿಣ ನೀರಿನಂತೆ ಹೊಳೆಯಿತು. ಕೈ ಸವರುತ್ತ ನಾನು ಎಷ್ಟು ಹೊತ್ತು ನಿಂತೆನೋ ತಿಳಿಯದು. ಮಾಲೀಕರು ಕೇಳಿದರು:

"ಮನ್ಯಾಗ ಎಂಜಿನ್ನ ಐತ್ಯೇನ್ರಿ?"

"ಇಲ್ರಿ."

"ಕರೆಂಟ?"

"ಕಂದೀಲ ಐತ್ರಿ."

ಅವರು ಮೃದುವಾಗಿಯೇ ನಕ್ಕರು. "ಇದನ್ನ ಮನಿ ಒಳಗ ಇಡಬೇಕಂದ್ರ ನೀವು ಹೊರಗ ಮಲಗಬೇಕಾಗ್ತೈತಿ. ಚಹಾ ಕುಡದು ಹೋಗ್ರಿ."

ಚಹಾ ಕುಡಿದು ಸೋಮೇಶ್ವರ ಗುಡಿಗೆ ಹೋದೆ. ಬೇರೆ ಕೆಲಸವಿರಲಿಲ್ಲ. ಆ ಗುಡಿಯನ್ನು ಹಿಂದೆ ಎರಡು ಸಲ ನೋಡಿದ್ದೆ, ಕಂಬಗಳನ್ನು ನೋಡಿರಲಿಲ್ಲ. ಈ ಸಲ ಒಂದು ಕಂಬಕ್ಕೆ ಮುಖ ಹತ್ತಿರ ತಂದೆ. ಕೊರಳಿನ ಸುತ್ತ ಕೂದಲೆಳೆಯಷ್ಟು ಸಣ್ಣ ಗೆರೆಗಳು ಒಂದರ ಕೆಳಗೊಂದು, ಆರಂಭ ಕೊನೆ ಇಲ್ಲದೆ ಸುತ್ತಿದ್ದವು. ನನ್ನ ಲಟ್ಟಣಿಗೆಯ ಮೇಲೆ ಉಳಿ ಬಿಡುವ ಗುರುತೂ ಅದೇ. ಈ ಕಲ್ಲನ್ನು ಕಡೆದಿದ್ದಾರೆ, ತಿರುಗಿಸಿ ಕಡೆದಿದ್ದಾರೆ! ಹತ್ತಾರು ಮಣ ತೂಗುವ ಕಲ್ಲು. ಉಳಿ ಹಿಡಿದ ಆ ಕೈ ಎಂಥದ್ದಿರಬೇಕು ಎಂದು ನಿಂತಲ್ಲೇ ನಿಂತೆ. ಉಳಿಯ ಕೈಯನ್ನಷ್ಟೇ ಯೋಚಿಸಿದೆ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ.

ಎರಡನೆಯ ದಿನ ಶಿರಹಟ್ಟಿ. ಲಕ್ಷ್ಮೇಶ್ವರದಿಂದ ಎಂಟೊಂಬತ್ತು ಮೈಲು, ನಡೆದೇ ಹೋದೆ. ಚಳಿಯಿತ್ತು, ಎರಡೂ ಕಡೆ ಬಿಳಿಜೋಳ ತೆನೆ ಬಿಟ್ಟಿತ್ತು. ಅಲ್ಲಿ ಗಾಡಿಯ ಗಾಲಿ ಮಾಡುವ ಬಡಿಗೇರ ಮೌನೇಶಪ್ಪನವರ ಹೆಸರು ಕೇಳಿದ್ದೆ. ಅವರು ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಉಳಿ, ಬಾಚಿ, ಗರಗಸ ಎಲ್ಲಕ್ಕೂ ಕುಂಕುಮ ಹಚ್ಚಿ ಸಾಲಾಗಿ ಮಲಗಿಸಿದ್ದರು. ಅಂದು ಪುಷ್ಯ ಮಾಸದ ಅವರಾತ್ರಿ ಅಮಾವಾಸ್ಯೆ, ಆ ದಿನ ಬಡಿಗರು ಹತಾರ ಮುಟ್ಟುವುದಿಲ್ಲ.

ನಾನು ಬಂದ ಕಾರಣ ಕೇಳಿ ಅವರು ತಲೆಯಿಂದ ಕಾಲಿನವರೆಗೆ ನೋಡಿದರು. "ಪೇಪರದವರು ಕಟ್ಟಿಗಿ ಕಡ್ಯಾಕ ಹತ್ತಿದ್ರೇನು? ಹಂಗಾದ್ರ ನಾಳಿಂದ ನಾ ಸುದ್ದಿ ಬರೀತೀನಿ. ನಿಮಗಿಂತ ಸುಳ್ಳು ಕಡಿಮಿ ಇರ್ತಾವು."

"ಬರೀರಿ. ತಪ್ಪು ನಾ ತಿದ್ದತೀನಿ."

"ಗಾಲಿ ತಪ್ಪಿದ್ರ ಗಾಡಿ ತಾನ ತಿದ್ದತೈತಿ," ಎಂದು ಅವರು ನಕ್ಕು, ಒಳಗೆ ಕರೆದು ಸಜ್ಜೆ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಬಡಿಸಿದರು. ಅವರ ಬಳಿ ಕಡಸಲು ಇರಲಿಲ್ಲ. ಆದರೆ ಮುಂಡರಗಿಯಲ್ಲಿ ತೊಟ್ಟಿಲು ಮಾಡುವ ಕಾಳಪ್ಪನೆಂಬ ಮುದುಕನಿದ್ದಾನೆ, ಕೆಲಸ ಬಿಡುತ್ತಿದ್ದಾನೆ ಎಂದರು. "ಇಬ್ಬರು ಹೋಗಿ ಹೊಳ್ಳಿ ಬಂದಾರ. ರೊಕ್ಕ ಒಯ್ದಿದ್ರು, ಕೊಡಲಿಲ್ಲಂತ. ಯಾಕಂತ ನನಗೂ ತಿಳಿವಲ್ದು. ನಿಮ್ಮ ದೈವ ನೋಡ್ರಿ."

ಶಿರಹಟ್ಟಿಯಿಂದ ಮುಂಡರಗಿಗೆ ನೇರ ಬಸ್ಸಿಲ್ಲ. ಮೂರನೆಯ ದಿನ ನಸುಕಿನಲ್ಲೇ ಹೊರಟ ಶೇಂಗಾ ಚೀಲದ ಗಾಡಿಯ ಮೇಲೆ ಜಾಗ ಸಿಕ್ಕಿತು. ದಾರಿಯುದ್ದಕ್ಕೂ ಎಡಕ್ಕೆ ಕಪ್ಪತಗುಡ್ಡ. ಬೆಳಕಾಗುತ್ತ ಗುಡ್ಡ ಕಪ್ಪಿನಿಂದ ಕೆಂಪಿಗೆ, ಕೆಂಪಿನಿಂದ ಬೂದಿಗೆ ತಿರುಗಿತು. ಒಂದು ಹೊಲದಲ್ಲಿ ಎಳೆ ಜೋಳದ ತೆನೆಯ ಸಿತನಿ ಸುಡುತ್ತಿದ್ದವರು ಗಾಡಿ ನಿಲ್ಲಿಸಿ ಬೊಗಸೆ ತುಂಬ ಬಿಸಿ ಕಾಳು ಕೊಟ್ಟರು, ಹೆಸರೂ ಕೇಳಲಿಲ್ಲ. ಮುಂಡರಗಿ ಮುಟ್ಟಿದಾಗ ಮೂರು ಗಂಟೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಓಣಿಯ ಬಾಯಿಗೇ ಸದ್ದು ಕೇಳುತ್ತಿತ್ತು: ಒಂದು ಉದ್ದ ಉಸಿರು, ಒಂದು ಗಿಡ್ಡ ಉಸಿರು, ಮತ್ತೆ ಉದ್ದ. ಪಡಸಾಲೆಯ ನೆಲದಲ್ಲಿ ಜಾಲಿಯ ದಿಮ್ಮಿ, ಅದರ ಮೇಲೆ ಎರಡು ಗೂಟ, ಗೂಟಗಳಿಗೆ ಕಬ್ಬಿಣದ ಮೊನೆ. ನಡುವೆ ಸಾಗವಾನಿಯ ತೊಟ್ಟಿಲ ಕಾಲು. ಕಾಲಿಗೆ ತೊಗಲಿನ ಹಗ್ಗ ಎರಡು ಸುತ್ತು ಸುತ್ತಿತ್ತು. ಹಗ್ಗದ ಎರಡು ತುದಿ ಹಿಡಿದು ಅರವತ್ತು ದಾಟಿದ ಹಂಪವ್ವ ಕೂತಿದ್ದಳು. ಬಲಗೈ ಜಗ್ಗಿದರೆ ಕಟ್ಟಿಗೆ ಮುಂದಕ್ಕೆ ತಿರುಗುತ್ತದೆ, ಎಡಗೈ ಜಗ್ಗಿದರೆ ಹಿಂದಕ್ಕೆ. ಎದುರಿಗೆ ಅವಳ ಗಂಡ ಕಾಳಪ್ಪ, ಉಳಿಯನ್ನು ಕಾಲ್ಬೆರಳಿನಿಂದ ಒತ್ತಿ ಹಿಡಿದಿದ್ದ. ಕಟ್ಟಿಗೆ ಮುಂದೆ ತಿರುಗಿದಾಗ ಉಳಿ ಮುಟ್ಟುತ್ತದೆ, ಹಿಂದೆ ತಿರುಗಿದಾಗ ಸರಿಯುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ.

ನಾನು ಬಾಗಿಲಲ್ಲಿ ನಿಂತೆ.

ಕಾಲು ಮುಗಿದ ಮೇಲೆ ಕಾಳಪ್ಪ ಮೂಲೆಯ ಗೋಣಿತಟ್ಟು ಸರಿಸಿದ. ಅಲ್ಲಿ ಮೂರು ಕಾಲು ಮೊದಲೇ ಸಿದ್ಧವಿದ್ದವು. ಎದುರಿಗೆ ಮಾದರಿ ಇಡದೆ, ಅಳತೆಕೋಲು ಮುಟ್ಟದೆ ಮಾಡಿದ್ದ ನಾಲ್ಕನೆಯದನ್ನು ಅವುಗಳ ಪಕ್ಕ ನಿಲ್ಲಿಸಿದ. ನೋಡಿದ್ದನ್ನು ಖಾತ್ರಿ ಮಾಡಿಕೊಳ್ಳುವುದು ನಮ್ಮ ಕಸಬಿನ ಚಾಳಿ. ಜೇಬಿನಿಂದ ದಾರ ತೆಗೆದು ನಾಲ್ಕು ಕಾಲನ್ನೂ ಕೊರಳು, ಉಬ್ಬಿದ ಬುಗುಟು, ನಡು, ಬುಡ ಮೊದಲಾದ ಏಳು ಕಡೆ ಸುತ್ತಿ, ಮೊದಲ ಕಾಲಿನ ಅಳತೆಗೆ ಗಂಟು ಹಾಕುತ್ತ ನೋಡಿದೆ. ಏಳರಲ್ಲಿಯೂ ಗಂಟು ಅದೇ ಜಾಗಕ್ಕೆ ಬಂತು. ಎರಡು ವರ್ಷದಲ್ಲಿ ನನಗೆ ಎರಡು ಲಟ್ಟಣಿಗೆ ಒಂದೇ ದಪ್ಪ ಬಂದಿರಲಿಲ್ಲ.

"ಹೆಂಗ್ರಿ ಇದು?" ಎಂದೆ.

"ನನ್ನ ಕೇಳಬ್ಯಾಡ ತಮ್ಮಾ," ಎಂದ ಕಾಳಪ್ಪ. "ಆಕೀನ್ನ ಕೇಳು."

ಹಂಪವ್ವ ತೋಳು ತಿಕ್ಕಿಕೊಳ್ಳುತ್ತ ಹೇಳಿದಳು: "ಕೊರಳಿಗೆ ಹನ್ನೊಂದ ಜಗ್ಗ. ಬುಗುಟಕ್ಕ ಏಳ. ನಡುವಿಗೆ ಇಪ್ಪತ್ತೊಂದ. ನಾ ಹಗ್ಗ ನಿಲ್ಲಿಸಿದಾಗ ಈತ ಉಳಿ ಸರಸ್ತಾನ. ಅಷ್ಟ."

ನನಗೆ ಅರ್ಥವಾಗಲು ಗಳಿಗೆ ಹಿಡಿಯಿತು. ತೊಟ್ಟಿಲ ಕಾಲಿನ ಆಕಾರ ಇದ್ದದ್ದು ಮುದುಕನ ಕಣ್ಣಿನಲ್ಲಲ್ಲ, ಮುದುಕಿಯ ಎಣಿಕೆಯಲ್ಲಿ. ನಲವತ್ತು ವರ್ಷ ಅವಳು ಮನಸ್ಸಿನಲ್ಲೇ ಎಣಿಸಿದ್ದಳು, ಅವನು ಅದನ್ನು ಕೈಯಲ್ಲಿ ಕೇಳಿಸಿಕೊಂಡಿದ್ದ. ಎಷ್ಟು ಊರಿನ ಕೂಸುಗಳು ಆ ಎಣಿಕೆಯೊಳಗೆ ಮಲಗಿದ್ದವೋ! "ಹೊರಗ ಹೆಸರು ಮಾತ್ರ ಕಾಳಪ್ಪನ ತೊಟ್ಟಿಲಾ," ಎಂದು ಹಂಪವ್ವ ಮೂಗು ಮುರಿದಳು. "ಸುಮ್ನಿರ, ಬಂದವರ ಮುಂದ" ಎಂದ ಕಾಳಪ್ಪ, ನಗುತ್ತ.

ಇದು ಅವರ ಕೊನೆಯ ತೊಟ್ಟಿಲು. ಹಂಪವ್ವನ ಬಲಭುಜ ಈಗ ಸರಿಯಾಗಿ ಏಳುವುದಿಲ್ಲ. ಬೇರೆಯವರಿಂದ ಜಗ್ಗಿಸಿ ಕಾಳಪ್ಪ ಒಂದು ವಾರ ನೋಡಿದ್ದನಂತೆ. ಒಂದು ಕಾಲಿನಂತೆ ಇನ್ನೊಂದು ಬರಲಿಲ್ಲ.

ನಾನು ಯಂತ್ರ ಕೇಳಿದೆ. ಕಾಳಪ್ಪ ಹೆಂಡತಿಯ ಕಡೆ ನೋಡಿದ. ಅವಳು ಎದ್ದು, ಹಗ್ಗದ ತುದಿಗಳನ್ನು ನನ್ನ ಕೈಯಲ್ಲಿಟ್ಟಳು. "ಕುಂಡ್ರು. ಜಗ್ಗು."

ನಾನು ಉಳಿಯ ಕೆಲಸ ತೋರಿಸಲು ಸಿದ್ಧನಾಗಿ ಬಂದವನು. ಕೂತು ಜಗ್ಗಿದೆ. ಕಾಳಪ್ಪ ಸಿಕ್ಕಿಸಿದ ಬೇವಿನ ತುಂಡು ಎಗರಿತು, ಅವನ ಉಳಿ ಕಚ್ಚಿ ಚಕ್ಕೆ ಹಾರಿ ಗೋಡೆಗೆ ಬಡಿಯಿತು.

"ಬಾವಿ ನೀರ ಸೇದ್ತಿಯೇನಪಾ?" ಎಂದಳು ಹಂಪವ್ವ. "ಹಿಂದ ಬಂದಿದ್ದವರೂ ಹಿಂಗ. ಒಬ್ಬವ ಕಾಲಿಲೆ ತುಳಿಯೋ ಹಂಗ ಮಾಡಸ್ತೀನಿ ಅಂದ. ಇನ್ನೊಬ್ಬವ ಜಗ್ಗಾಕ ಆಳು ಇಡ್ತೀನಿ ಅಂದ. ಇದು ಇಬ್ಬರ ಯಂತ್ರ. ಒಬ್ಬವಗ ಕೊಟ್ರ ಅಟ್ಟದ ಮ್ಯಾಲ ಬೀಳತೈತಿ."

ಅರ್ಧ ತಾಸು ಜಗ್ಗಿದೆ. ಭುಜ ಉರಿಯಿತು. ಕೊನೆಗೊಮ್ಮೆ ಐದಾರು ಜಗ್ಗು ಸಮನಾಗಿ ಬಂದವು, ಮತ್ತೆ ತಪ್ಪಿದವು. ಹಂಪವ್ವ ಇಲ್ಲವೆಂಬಂತೆ ತಲೆಯಾಡಿಸಿದಳು. ಕೆಲಸ ಕೆಟ್ಟಿತು, ಉಳಿಗಳು ಹಿಂಡಿಯಾದವು ಎಂದುಕೊಂಡೆ. ಆಗ ಅವಳು ಕೇಳಿದಳು:

"ನಿಮ್ಮ ಮನ್ಯಾಗ ಹೈನ ಐತೇನ?"

"ಒಂದ ಎಮ್ಮಿ ಐತಿ."

"ಮಜ್ಜಿಗಿ ಯಾರ ಮಾಡ್ತಾರ?"

"ಅವ್ವ."

"ಎಷ್ಟ ವರ್ಷದಿಂದ?"

"ನಾ ಹುಟ್ಟೂಕಿಂತ ಮೊದಲಿಂದ."

ಅವಳು ಗಂಡನ ಕಡೆ ತಿರುಗಿ, "ಕೊಡು" ಎಂದಳು.

ಅವ್ವ ಜಗ್ಗಲು ಒಪ್ಪಿದ್ದಾಳೆಂದು ನಾನು ಹೇಳಲಿಲ್ಲ. ಕೇಳಿಯೇ ಇಲ್ಲವೆಂದೂ ಹೇಳಲಿಲ್ಲ. ಕಾಳಪ್ಪ ಹೇಳಿದ ಮೂವತ್ತೈದು ರೂಪಾಯಿ ಕೊಟ್ಟೆ, ಚೌಕಾಸಿ ಮಾಡಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಗದಗಿಗೆ ಹೊರಟ ಹತ್ತಿ ಗಾಡಿಯ ಮೇಲೆ ಕಡಸಲನ್ನು ಏರಿಸಿದೆವು. ಕಟ್ಟುವ ಹೊತ್ತಿಗೆ ಹಂಪವ್ವ ಬಂದು ತೊಗಲಿನ ಹಗ್ಗವನ್ನು ಸುತ್ತು ಬಿಚ್ಚಿ ತೆಗೆದುಕೊಂಡಳು. "ಯಂತ್ರ ಈತಂದು, ಕೊಟ್ಟಾನ. ಹಗ್ಗ ಜಗ್ಗಿದವರದು. ನಮ್ಮ ಮಂದ್ಯಾಗ ಅದನ್ನ ಮಾರಂಗಿಲ್ಲ. ನಿಮ್ಮವ್ವಗ ಹೇಳು, ತನ್ನದು ತಾನ ಹಾಕ್ಕೊಳ್ಳಲಿ." ಗಾಡಿ ಓಣಿ ತಿರುಗುವಾಗ ಹಿಂದೆ ನೋಡಿದೆ. ಅವಳು ಹಗ್ಗವನ್ನು ಮೊಣಕೈಗೆ ಸುತ್ತಿಕೊಳ್ಳುತ್ತಿದ್ದಳು. ಕಾಳಪ್ಪ ಖಾಲಿಯಾದ ಜಾಗವನ್ನು ಗುಡಿಸುತ್ತಿದ್ದ.

ಮಧ್ಯಾಹ್ನ ಡಂಬಳದಲ್ಲಿ ಎತ್ತುಗಳಿಗೆ ನೀರು ಕುಡಿಸಲು ನಿಂತಾಗ ದೊಡ್ಡಬಸಪ್ಪನ ಗುಡಿಗೆ ಓಡಿಹೋಗಿ ಬಂದೆ. ಅಲ್ಲಿಯೂ ಕಡೆದ ಕಂಬಗಳು, ಕನ್ನಡಿಯಷ್ಟು ನುಣುಪು, ಅವೇ ಕೂದಲೆಳೆ ಗೆರೆಗಳು. ಬೆರಳಿಟ್ಟು ಸುತ್ತಿದೆ. ಈ ಸಲ ಉಳಿಯ ಕೈ ನೆನಪಾಗಲಿಲ್ಲ. ಹಗ್ಗ ಹಿಡಿದವರು ಎಷ್ಟು ಮಂದಿ, ಎಣಿಸಿದವರು ಯಾರು, ಸಂಜೆ ಅವರ ಭುಜಕ್ಕೆ ಯಾರು ಎಣ್ಣೆ ತಿಕ್ಕಿದರು? ಗಾಡಿಯವ ಕೂಗಿದ ಮೇಲೆಯೇ ಕೈ ತೆಗೆದೆ.

ಐದನೆಯ ದಿನ ಹೊತ್ತು ಏರುವಾಗ ಬೆಟಗೇರಿ ಮುಟ್ಟಿದೆವು. ಅವ್ವ ಪಡಸಾಲೆಯಲ್ಲಿ ಕಡಗೋಲಿನ ಹಗ್ಗ ಜಗ್ಗುತ್ತ ಮಜ್ಜಿಗೆ ಮಾಡುತ್ತಿದ್ದಳು. ಗಾಡಿಯವನೂ ನಾನೂ ದಿಮ್ಮಿಯನ್ನು ಇಳಿಸುವವರೆಗೆ ಅವಳು ಕೈ ನಿಲ್ಲಿಸಲಿಲ್ಲ. ಆಮೇಲೆ ಯಂತ್ರವನ್ನು ಒಂದು ಸುತ್ತು ಬಂದಳು.

"ಬರಿಗೈಲೆ ಬರಲಿಲ್ಲ ಅಂದಂಗಾತು. ತಿರುಗೂದು ಹೆಂಗಿದು?"

"ಹಗ್ಗದಿಂದ."

"ಹಗ್ಗ ಎಲ್ಲೈತಿ?"

ನಡೆದದ್ದನ್ನು ನಡೆದಂತೆ ಹೇಳಿದೆ: ಹಂಪವ್ವನ ಭುಜ, ಎಣಿಕೆ, ಹೈನದ ಪ್ರಶ್ನೆ, ನಾನು ಬಾಯಿ ಮುಚ್ಚಿಕೊಂಡದ್ದು. ಅವ್ವ ಹೋಗಿ ಬೆಣ್ಣೆ ತೆಗೆದಳು, ಗಡಿಗೆ ಮುಚ್ಚಿದಳು, ಕೈ ತೊಳೆದಳು. ಮತ್ತೆ ಕಡಗೋಲಿನಿಂದ ಹಗ್ಗ ಬಿಚ್ಚಿ, ನೀರು ಹಿಂಡಿ, ಯಂತ್ರದ ಎದುರು ಬಂದು ಕೂತಳು. "ನನ್ನ ಕೇಳದ ನನ್ನ ಮಾರಿ ಬಂದಿ ಹೌದಿಲ್ಲೊ? ಹಚ್ಚು ಕಟ್ಟಿಗಿ."

ಬೇವಿನ ತುಂಡೊಂದನ್ನು ಮೊನೆಗಳಿಗೆ ಸಿಕ್ಕಿಸಿದೆ. ಅವಳೇ ಹಗ್ಗ ಎರಡು ಸುತ್ತು ಸುತ್ತಿದಳು.

"ಕೊರಳಿಗೆ ಎಷ್ಟಂದ್ಲು ಆಕಿ?"

"ಹನ್ನೊಂದು."

ಜಗ್ಗಿದಳು. ಉದ್ದ ಉಸಿರು, ಗಿಡ್ಡ ಉಸಿರು. ತುಂಡು ಎಗರಲಿಲ್ಲ, ಉಳಿ ಕಚ್ಚಲಿಲ್ಲ. ಕಟ್ಟಿಗೆಯಿಂದ ಸಿಪ್ಪೆ ಈರುಳ್ಳಿಯದರಂತೆ ತೆಳ್ಳಗೆ ಸುರುಳಿಯಾಗಿ ನನ್ನ ಮಣಿಕಟ್ಟಿನ ಮೇಲೆ ಬಿದ್ದಿತು. ನೋಡುತ್ತ ನಾನು ಎಣಿಕೆ ಮರೆತೆ.

ಹಗ್ಗ ನಿಂತಿತು. ನನ್ನ ಉಳಿ ಇನ್ನೂ ಕಟ್ಟಿಗೆಯ ಮೇಲೇ ಇತ್ತು.

"ಹನ್ನೊಂದಾತು," ಎಂದಳು ಅವ್ವ. "ಕೈ ತಗಿ."